ಮಂಡಿ ನೋವಿಗೆ ಸೊಂಟದ ಹತ್ರ ಎಲೆಕ್ಟ್ರೋಡ್ ಯಾಕೆ ಅಂಟಿಸ್ತೀನಿ

ನಾನು ಬೆಂಗಳೂರಲ್ಲಿ ಫಿಸಿಯೋ. ಇಲ್ಲಿನ ಹತ್ತು ಕಿಲೋಮೀಟರ್ ಓಟ ವರ್ಲ್ಡ್ ಟೆನ್‌ಕೆ ಹತ್ರ ಬಂತು ಅಂದ್ರೆ ಒಂದೇ ಸಲ ಕಿಲೋಮೀಟರ್ ಏರಿಸ್ಕೊಂಡು ಮಂಡಿ ಹಿಡ್ಕೊಂಡು ಬರೋರು ಜಾಸ್ತಿ ಆಗ್ತಾರೆ. ಬಿದ್ದಿರಲ್ಲ, ಉಳುಕಿರಲ್ಲ. ಚಿಪ್ಪಿನ ಸುತ್ತ ನೋವು, ಮೆಟ್ಟಿಲು ಇಳಿಯುವಾಗ, ಆಫೀಸಲ್ಲಿ ಕಾಲು ಮಡಚಿ ತುಂಬಾ ಹೊತ್ತು ಕೂತಾಗ ಜಾಸ್ತಿ ಅಂದ್ರೆ ಪಟೆಲ್ಲೋಫೆಮೊರಲ್ ನೋವು, ಅಂದ್ರೆ ಮಂಡಿ ಚಿಪ್ಪು ತೊಡೆಮೂಳೆ ಸೇರೋ ಕಡೆಯ ನೋವು, ಅನ್ನೋ ಅನುಮಾನ ಬರುತ್ತೆ. ಮಂಡಿಯ ಹೊರಮಗ್ಗುಲಲ್ಲೇ ಚುಚ್ಚಿ, ಇಳಿಜಾರಲ್ಲಿ ಓಡಿದಾಗ ಕೆರಳಿದ್ರೆ ಸೊಂಟದಿಂದ ಮಂಡಿವರೆಗೆ ತೊಡೆಯ ಹೊರಮಗ್ಗುಲಲ್ಲಿ ಇಳಿಯೋ ಗಟ್ಟಿ ಪಟ್ಟಿ, ಐಟಿ ಬ್ಯಾಂಡ್ ಕಡೆ ನೋಡ್ತೀನಿ.

ಮೊದಲು ಒಂಟಿ ಕಾಲಲ್ಲಿ ಸ್ಟೆಪ್ ಮೇಲಿಂದ ನಿಧಾನಕ್ಕೆ ಇಳಿಯೋಕೆ ಹೇಳ್ತೀನಿ, ಮಂಡಿ ಒಳಕ್ಕೆ ವಾಲುತ್ತಾ, ಎತ್ತಿದ ಕಾಲಿನ ಕಡೆ ಸೊಂಟ ಕೆಳಕ್ಕೆ ಜಾರುತ್ತಾ ಅಂತ ನೋಡೋಕೆ. ಆಮೇಲೆ ಸರ್ಫೇಸ್ ಇಎಂಜಿ, ಅಂದ್ರೆ ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯೋದು. ಕೂದಲು ಶೇವ್ ಮಾಡಿ, ಸ್ಪಿರಿಟ್ ಹಾಕಿ ಒರೆಸಿ, ಸೊಂಟದ ಮೂಳೆಯ ಮೇಲಂಚಿಂದ ತೊಡೆಮೂಳೆಯ ಹೊರಗಿನ ಉಬ್ಬಿಗೆ ಗೆರೆ ಎಳೆದ್ರೆ ಸರಿಯಾಗಿ ಅರ್ಧದಲ್ಲಿ ಗ್ಲೂಟಿಯಸ್ ಮೀಡಿಯಸ್, ಅಂದ್ರೆ ಸೊಂಟ ಜಾರದ ಹಾಗೆ, ತೊಡೆ ಒಳಕ್ಕೆ ವಾಲದ ಹಾಗೆ ಹಿಡಿಯೋ ಪಕ್ಕದ ಸ್ನಾಯು ಸಿಗುತ್ತೆ, ಅಲ್ಲಿ 2 ಸೆಂ.ಮೀ. ಅಂತರದಲ್ಲಿ ಒಂದು ಜೊತೆ ಎಲೆಕ್ಟ್ರೋಡ್, ತೊಡೆಯ ಮುಂಭಾಗದ ಒಳ-ಹೊರ ಸ್ನಾಯುಗಳಿಗೂ ಒಂದೊಂದು ಜೊತೆ. ಬೆವರಿಗೆ ಕಿತ್ಕೊಂಡು ಬರುತ್ತೆ, ಟೇಪ್ ಸುತ್ತಲೇಬೇಕು. ಟ್ರೆಡ್‌ಮಿಲ್ ಹತ್ತೋ ಮುಂಚೆ ಪೂರ್ತಿ ಬಲ ಹಾಕಿಸಿ ರೀಡಿಂಗ್ ತಗೋತೀನಿ, ಅದಿಲ್ದೆ ಒಬ್ಬರ ಗ್ರಾಫನ್ನ ಇನ್ನೊಬ್ಬರ ಜೊತೆ ಹೋಲಿಸೋಕೆ ಆಗಲ್ಲ.

ಗ್ರಾಫ್ ಎತ್ತರ ಇದ್ದ ಮಾತ್ರಕ್ಕೆ ಸ್ನಾಯು ಗಟ್ಟಿ ಅಂತಲ್ಲ, ಇದನ್ನ ಎಲ್ಲರಿಗೂ ಬಿಡಿಸಿ ಹೇಳ್ತೀನಿ. ಸೋತ ಸ್ನಾಯು ಅದೇ ಕೆಲಸಕ್ಕೆ ಜಾಸ್ತಿ ಒದ್ದಾಡಿ ದೊಡ್ಡ ಗ್ರಾಫ್ ಕೊಡಬಹುದು. ಅದಕ್ಕೇ ನಾನು ಟೈಮಿಂಗ್ ನೋಡೋದು. ಪಾದ ನೆಲ ಮುಟ್ಟೋಕೆ ಮುಂಚೆನೇ ಗ್ಲೂಟಿಯಸ್ ಮೀಡಿಯಸ್ ಎದ್ದಿರಬೇಕು, ಚಿಪ್ಪಿನ ನೋವಿರೋ ಎಷ್ಟೋ ಜನರಲ್ಲಿ ಅದು ತಡವಾಗಿ ಶುರುವಾಗಿ ಬೇಗ ಮುಗಿದುಹೋಗುತ್ತೆ. ಅಷ್ಟರಲ್ಲಿ ಮೈಭಾರ ಕಾಲ ಮೇಲೆ ಬಿದ್ದಾಗಿರುತ್ತೆ, ತೊಡೆ ಒಳಕ್ಕೆ ತಿರುಗಿ ಚಿಪ್ಪಿನ ಕೆಳಗೆ ಒತ್ತಡ ಏರುತ್ತೆ.

ಜಿಮ್‌ಗಳಲ್ಲಿ ಈಗಲೂ ತೊಡೆಯ ಒಳಗಿನ ಸ್ನಾಯು ಒಂದನ್ನೇ ಗಟ್ಟಿ ಮಾಡಿಸ್ತೀವಿ ಅಂತಾರೆ. ಅದು ಹಾಗೆ ಒಂಟಿಯಾಗಿ ಕೆಲಸ ಮಾಡಲ್ಲ ಕಣ್ರೀ, ತೊಡೆಯ ಮುಂಭಾಗದ ಸ್ನಾಯುಗಳ ಗುಂಪು ಕ್ವಾಡ್ರಿಸೆಪ್ಸ್ ಒಟ್ಟಿಗೇ ಎಳೆಯುತ್ತೆ. ನಾನು ಕೊಡೋ ವ್ಯಾಯಾಮ ಇಡೀ ಕ್ವಾಡ್ರಿಸೆಪ್ಸ್‌ಗೂ ಸೊಂಟಕ್ಕೂ ಸೇರಿಸಿ. ಪಕ್ಕಕ್ಕೆ ಮಲಗಿ ಕಾಲೆತ್ತೋದು, ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿ ಅಡ್ಡ ನಡಿಗೆ, ಸ್ಟೆಪ್ ಡೌನ್, ಆಮೇಲೆ ಭಾರ.

ಇದರ ಜೊತೆ ಕೇಡೆನ್ಸ್, ಅಂದ್ರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಅನ್ನೋದು. ಸ್ಪೀಡ್ ಅಷ್ಟೇ ಇರ್ಲಿ, ಹೆಜ್ಜೆ ಮಾತ್ರ 5ರಿಂದ 10 ಪರ್ಸೆಂಟ್ ಜಾಸ್ತಿ, ಅಂದ್ರೆ ನಿಮಿಷಕ್ಕೆ 160 ಹಾಕ್ತಿದ್ದೋರು 170ರ ಹತ್ರ. ಪಾದ ಮೈಗೆ ಹತ್ರ ಬೀಳುತ್ತೆ, ಮಂಡಿ ಮೇಲಿನ ಭಾರ ಇಳಿಯುತ್ತೆ, ನೆಲ ಮುಟ್ಟೋ ಮುಂಚೆ ಗ್ಲೂಟಿಯಸ್ ಚುರುಕಾಗೋದು ಇಎಂಜಿನಲ್ಲೂ ಕಾಣುತ್ತೆ. ಕಬ್ಬನ್ ಪಾರ್ಕಲ್ಲಿ ಟಕ್ ಟಕ್ ಅಂತ ತಾಳ ಹಾಕೋ ಮೆಟ್ರೊನೋಮ್ ಆ್ಯಪ್ ಹಾಕ್ಕೊಂಡು ಸ್ವಲ್ಪ ಸ್ವಲ್ಪವೇ ರೂಢಿ ಮಾಡ್ಕೊಳ್ಳಿ ಅಂತೀನಿ, ಮೀನಖಂಡ ಬಿಗಿದುಕೊಂಡ್ರೆ ಆತುರ ಬೇಡ.

ಓಟ ಪೂರ್ತಿ ನಿಲ್ಸೋಕೆ ಹೇಳೋದು ಅಪರೂಪ. ನೋವು ಹತ್ತಕ್ಕೆ ಮೂರರೊಳಗಿದ್ದು ಮಾರನೇ ದಿನಕ್ಕೆ ಇಳಿದಿದ್ರೆ ದೂರ ಅಷ್ಟೇ ಇರ್ಲಿ, ಏರ್ತಾ ಹೋದ್ರೆ ಮೊದಲು ಕಡಿಮೆ ಮಾಡೋದು ಇಳಿಜಾರಿನ ಓಟ.