ನೈಟ್ ಡ್ಯೂಟಿಗೆ ಬಾರಿಹಣ್ಣಿನ ಕಾಢಾ

ಬೀದರ್ ಹತ್ತಿರದ ಒಂದು ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ನಾನು ಆಪರೇಟರ್. ರಾತ್ರಿಪಾಳಿಯಲ್ಲಿ ಗಂಟೆಗೊಮ್ಮೆ ಎದ್ದು ರೀಡಿಂಗ್ ಬರೆಯಬೇಕು. ನಮ್ಮ ಊರು ಇರುವುದೇ ಎತ್ತರದ ಬಯಲಿನ ಮೇಲೆ, ಗಾಳಿಗೆ ಅಡ್ಡ ಅಂತ ಏನೂ ಇಲ್ಲ. ಡಿಸೆಂಬರ್‌ನಲ್ಲಿ ನಸುಕಿನ ಮೂರಕ್ಕೆ ಯಾರ್ಡ್ ಸುತ್ತಿ ಬಂದರೆ ಬೆರಳು ಪೆನ್ನು ಹಿಡಿಯಲು ಒಪ್ಪುವುದಿಲ್ಲ. ಆಗೆಲ್ಲ ರಾತ್ರಿಗೆ ಐದಾರು ಕಪ್ ಚಹಾ ಕುಡಿಯುತ್ತಿದ್ದೆ. ಬೆಳಗ್ಗೆ ಮನೆಗೆ ಬರುವಷ್ಟರಲ್ಲಿ ಎದೆಯಲ್ಲಿ ಉರಿ.

ನಾವು ಸಣ್ಣವರಿದ್ದಾಗ ಥಂಡಿ ದಿನಗಳಲ್ಲಿ ಅವ್ವ ಒಣಗಿದ ಬಾರಿಹಣ್ಣಿಗೆ ಬೆಲ್ಲ ಸೇರಿಸಿ ಕುಟ್ಟಿ ಉಂಡೆ ಮಾಡಿ ಕೊಡುತ್ತಿದ್ದಳು. ಬೆಂಗಳೂರು ಕಡೆಯವರು ಎಲಚಿ ಅನ್ನುತ್ತಾರಲ್ಲ, ಅದೇ ಹಣ್ಣು. ಕುಟ್ಟಿ ತಿನ್ನುವುದನ್ನು ಕಾಸಿ ಕಾಢಾ, ಅಂದರೆ ಕಷಾಯ, ಮಾಡಿ ಕುಡಿದರೇನು ಅಂತ ಮೂರು ವರ್ಷದ ಹಿಂದೆ ತಲೆಗೆ ಬಂತು.

ಮೊದಲ ಸಲ ಗಾಂಧಿಗಂಜ್ ಕಡೆ ಬಂಡಿಯಲ್ಲಿ ಮಾರುವ ಆಪಲ್ ಬೇರ್ ಅನ್ನುವ ದೊಡ್ಡ ಜಾತಿಯ ಬಾರಿಹಣ್ಣು ತಂದೆ. ನೋಡಲು ಚಂದ, ಹಸಿರಾಗಿ ಹೊಳೆಯುತ್ತವೆ. ಕಾಸಿದರೆ ಬೇಯಿಸಿದ ಸೋರೆಕಾಯಿ ನೀರು! ಹುಳಿ ಇಲ್ಲ, ವಾಸನೆ ಇಲ್ಲ. ಅದು ಹಲ್ಲಿನಿಂದ ಕಚ್ಚಿ ತಿನ್ನುವ ಹಣ್ಣು, ಒಲೆಗಲ್ಲ.

ಮುಂದೆ ಎಳ್ಳಮಾವಾಸ್ಯೆಗೆ ತಮ್ಮನ ಹೊಲಕ್ಕೆ ಹೋದೆವು. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ, ಭಜ್ಜಿ, ಸಜ್ಜೆರೊಟ್ಟಿ ಉಂಡು, ಬದುವಿನ ಮುಳ್ಳುಗಿಡ ಬಡಿದು ಒಂದು ಚೀಲ ಜವಾರಿ ಹಣ್ಣು ತಂದೆ. ಗೋಲಿಗುಂಡಿನಷ್ಟು ದಪ್ಪ, ಕೆಂಪು ತಿರುಗಿ ಸ್ವಲ್ಪ ಸುಕ್ಕಾದವು. ಹುಳಿ, ಸಿಹಿ, ಒಗರು ಮೂರೂ ಇರುವುದು ಇದರಲ್ಲೇ. ಖುಷಿಗೆ ಅವ್ವನ ಕಬ್ಬಿಣದ ಕಡಾಯಿಯಲ್ಲೇ ಇಟ್ಟೆ. ಅರ್ಧ ತಾಸಿಗೆ ನೀರೆಲ್ಲ ಕರ್ರಗೆ. ಹಣ್ಣಿನ ಒಗರಿಗೂ ಕಬ್ಬಿಣಕ್ಕೂ ಸೇರಿದರೆ ಹೀಗೇ ಆಗುವುದು. ಹಿಂದೆ ಅಳಲೆಕಾಯಿ, ಕಬ್ಬಿಣ ಹಾಕಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಲೆಕ್ಕ.

"ಇದು ಕುಡಿಯಲಿಕ್ಕೋ, ಬರೀಲಿಕ್ಕೋ?" ಅಂದಳು ಅವ್ವ. "ಕಬ್ಬಿಣದಾಗ ಹುಳಿ ಹಾಕ್ತಾರೇನೋ, ಇಷ್ಟು ದೊಡ್ಡವ ಆಗಿದಿ!"

ಅಂದಿನಿಂದ ಸ್ಟೀಲ್ ಪಾತ್ರೆ. ಆದರೂ ಬುದ್ಧಿ ಪೂರ್ತಿ ಬರಲಿಲ್ಲ. ಬೇಗ ಆಗಲಿ ಅಂತ ಬೀಜ ಸಮೇತ ಮಿಕ್ಸಿಗೆ ಹಾಕಿದೆ. ಬೀಜದ ಚೂರು ಗಂಟಲಲ್ಲಿ ಮರಳಿನಂತೆ ಸಿಕ್ಕಿತು, ಮಿಕ್ಸಿ ಬ್ಲೇಡೂ ಹಾಳಾಯಿತು. ಆ ಖರ್ಚಿನ ಲೆಕ್ಕ ಮನೆಯಾಕೆ ಇನ್ನೂ ಹೇಳುತ್ತಿರುತ್ತಾಳೆ.

ಈಗ ನಾನು ಮಾಡುವುದು ಹೀಗೆ. ಅರ್ಧ ಕೆಜಿ ಹಣ್ಣು, ಕೆಮ್ಮಣ್ಣು ಹೋಗುವ ತನಕ ಮೂರು ನೀರು. ಆಮೇಲೆ ಒಂದೊಂದನ್ನೇ ಹೆಬ್ಬೆರಳಿಂದ ಒತ್ತಿ ಬಿಡಿಸಿ ನೋಡಬೇಕು. ಬೇಜಾರಿನ ಕೆಲಸ, ಬಿಡುವಂತಿಲ್ಲ. ಮೇಲೆ ಚುಕ್ಕೆ ಕೂಡ ಕಾಣದ ಹಣ್ಣಿನೊಳಗೆ ಬೀಜಕ್ಕೆ ಹತ್ತಿಕೊಂಡು ಬಿಳಿ ಹುಳ ಮಲಗಿರುತ್ತದೆ, ಸುತ್ತ ಕಂದು ಪುಡಿ. ಚೀಲದಲ್ಲಿ ಎರಡು ದಿನ ಇಟ್ಟ ಹಣ್ಣಾದರೆ ಕಾಲುಭಾಗ ಹೀಗೇ ಹೋಗುತ್ತದೆ. ಬೀಜ ತೆಗೆಯಬೇಕಿಲ್ಲ, ಒಡೆಯದಿದ್ದರೆ ಸಾಕು.

ಒಂದು ಲೀಟರ್ ತಣ್ಣೀರಿಗೆ ಹಣ್ಣು ಹಾಕಿ ಸಣ್ಣ ಉರಿ. ಕೊತಕೊತ ಕುದಿಸಿದರೆ ತಿರುಳೆಲ್ಲ ಕರಗಿ ಲೋಳೆಯಾಗಿ, ಲೋಟದಿಂದ ಎಳೆ ಎಳೆಯಾಗಿ ಇಳಿಯುತ್ತದೆ. ಪಾತ್ರೆಯ ಅಂಚಿಗೆ ಸಣ್ಣ ಗುಳ್ಳೆ ಬರುತ್ತಿರಬೇಕು, ಅಷ್ಟೇ. ಇಪ್ಪತ್ತು ನಿಮಿಷಕ್ಕೆ ಸಿಪ್ಪೆ ತಾನೇ ಸಡಿಲಾಗಿ ನೀರು ಹಳೆ ಇಟ್ಟಂಗಿಯ ಬಣ್ಣಕ್ಕೆ ಬರುತ್ತದೆ. ಇಳಿಸಿ, ಕೈ ತಾಳುವಷ್ಟು ಆರಿದ ಮೇಲೆ ಹುಣಸೆಹಣ್ಣು ಕಿವುಚಿದಂತೆ ಕಿವುಚಿ ಸೋಸುವುದು. ಚಹಾ ಸೋಸುವ ಜಾಲರಿ ಎರಡೇ ನಿಮಿಷಕ್ಕೆ ಕಟ್ಟಿಕೊಳ್ಳುತ್ತದೆ, ದಪ್ಪ ತೂತಿನ ಜರಡಿ ಬೇಕು.

ಮಸಾಲೆ ಸೋಸಿದ ರಸಕ್ಕೇ ಹೊರತು ಹಣ್ಣಿನ ಜೊತೆಗಲ್ಲ. ಲವಂಗ ಮೂರು, ಮೆಣಸು ಆರೇಳು, ಬೆರಳ ಗೆಣ್ಣಿನಷ್ಟು ದಾಲ್ಚಿನ್ನಿ, ಸಿಪ್ಪೆ ಸಮೇತ ಒಂದು ಏಲಕ್ಕಿ, ಒಂದು ತುಂಡು ಶುಂಠಿ. ಶುಂಠಿ ನಮ್ಮ ಜಿಲ್ಲೆಯಲ್ಲೇ ಬೆಳೆಯುತ್ತದೆ, ಹುಮನಾಬಾದ್ ಹೆಸರಿನ ತಳಿಯೇ ಇದೆ. ಹಸಿಯದು ಸಿಕ್ಕರೆ ಒಣಶುಂಠಿ ಯಾಕೆ? ಎಲ್ಲ ಕುಟ್ಟಾಣಿಯಲ್ಲಿ ಎರಡು ಏಟು, ಪುಡಿ ಮಾಡಬಾರದು. ಐದು ನಿಮಿಷ ಕಾಸಿದರೆ ಸಾಕು. ಒಮ್ಮೆ ಥಂಡಿ ಜಾಸ್ತಿ ಅಂತ ಹತ್ತು ಲವಂಗ ಹಾಕಿ ನಾಲಿಗೆ ಜೋಮು ಹಿಡಿದು, ಊಟಕ್ಕೆ ಕೂತರೆ ಉಪ್ಪು, ಖಾರ ಒಂದೂ ಗೊತ್ತಾಗಲಿಲ್ಲ.

ಬೆಲ್ಲ ಕೊನೆಗೆ. ಗಾಣದ ಬೆಲ್ಲದಲ್ಲಿ ಕಬ್ಬಿನ ಸಿಪ್ಪೆ, ಮಣ್ಣು ಇದ್ದೇ ಇರುತ್ತದೆ. ಅರ್ಧ ಕಪ್ ನೀರಲ್ಲಿ ಬೇರೆ ಕರಗಿಸಿ ಬಟ್ಟೆಯಲ್ಲಿ ಸೋಸಿ ಹಾಕುತ್ತೇನೆ. ನಿಂಬೆಗಾತ್ರದ ಎರಡು ಉಂಡೆ ಹಿಡಿಯುತ್ತದೆ. ಮೇಲೆ ಒಂದು ಚಿಟಿಕೆ ಕರಿಉಪ್ಪು. ಅದಿಲ್ಲದೆ ಬರೀ ಪಾನಕ ಕಾಸಿದಂತಿರುತ್ತದೆ, ಹಾಕಿದರೆ ಹುಳಿ ಎದ್ದು ನಿಲ್ಲುತ್ತದೆ. ಹಾಲು ಮಾತ್ರ ಹಾಕಬೇಡಿ, ಒಡೆಯುತ್ತದೆ. ಬಾರಿಹಣ್ಣಿನಲ್ಲಿ ಸಿ ವಿಟಮಿನ್ ಭಾಳ ಅಂತಾರೆ, ಖರೆ. ಆದರೆ ಕಾಸಿದರೆ ಅದು ಕಡಿಮೆಯಾಗುತ್ತದೆ, ಹಾಗಾಗಿ ಇದನ್ನು ನಾನು ಔಷಧ ಅನ್ನುವುದಿಲ್ಲ. ಅವ್ವನಿಗೆ ಶುಗರ್ ಇದೆ, ಅವಳ ಪಾಲಿನದು ಬೆಲ್ಲ ಹಾಕುವ ಮುಂಚೆಯೇ ತೆಗೆದಿಡುತ್ತೇನೆ.

ಫ್ಲಾಸ್ಕಿಗೆ ಹಾಕುವ ಮುಂಚೆ ಮತ್ತೊಮ್ಮೆ ಸೋಸಲೇಬೇಕು. ಮಸಾಲೆ ಒಳಗೇ ಉಳಿದರೆ ನಡುರಾತ್ರಿಗೆ ಲವಂಗದ ಕಹಿ ಬಿಟ್ಟಿರುತ್ತದೆ. ತಿರುಳು ತಳಕ್ಕೆ ಕೂರುತ್ತದೆ, ಬಗ್ಗಿಸುವ ಮುಂಚೆ ಅಲ್ಲಾಡಿಸಿಕೊಳ್ಳಬೇಕು. ಮೂರರ ರೀಡಿಂಗ್ ಬರೆದು ಮುಚ್ಚಳ ತೆಗೆದರೆ ಕಂಟ್ರೋಲ್ ರೂಮಿನ ಎಣ್ಣೆ, ಧೂಳಿನ ವಾಸನೆಯ ನಡುವೆ ಶುಂಠಿ ಘಮ್ಮೆನ್ನುತ್ತದೆ. ಮೊದಮೊದಲು ನಗುತ್ತಿದ್ದ ಜೋಡಿದಾರ ಈಗ ತನ್ನ ಸ್ಟೀಲ್ ಲೋಟ ಮೊದಲೇ ತೊಳೆದು ಟೇಬಲ್ ಮೇಲೆ ಇಟ್ಟಿರುತ್ತಾನೆ. "ಅಣ್ಣಾ, ಇವತ್ತ ಮೆಣಸು ಕಮ್ಮಿ ಆಗ್ಯಾದ" ಅಂತ ತಪ್ಪು ಬೇರೆ ಹುಡುಕುತ್ತಾನೆ.

ಸಂಕ್ರಾಂತಿ ದಾಟಿ ಸ್ವಲ್ಪ ದಿನಕ್ಕೆ ಜವಾರಿ ಹಣ್ಣು ಮುಗಿಯುತ್ತ ಬರುತ್ತದೆ. ಹೋದ ವರ್ಷ ಎರಡು ಕೆಜಿ ಮಾಳಿಗೆ ಮೇಲೆ ಒಣಗಿಸಿದೆ. ಮಂಗಗಳ ಕಾಟಕ್ಕೆ ಮಗಳು ಕೋಲು ಹಿಡಿದು ಕಾದಳು, ಕಾವಲಿನ ಕೂಲಿ ಅಂತ ಅವಳೂ ಒಂದಷ್ಟು ತಿಂದಳು. ಒಣಗಿದ್ದಾದರೆ ರಾತ್ರಿಯಿಡೀ ನೆನೆಹಾಕಬೇಕು. ಬಣ್ಣ ಗಾಢ, ಹುಳಿ ಕಮ್ಮಿ, ಬೆಲ್ಲ ಅರ್ಧ ಸಾಕು. ಮಳೆಗಾಲದ ಜಿಟಿಜಿಟಿಗೆ ಅದೂ ನಡೆಯುತ್ತದೆ. ಡಬ್ಬಿಯಲ್ಲಿ ಇನ್ನು ಎರಡು ಹಿಡಿ ಇರಬಹುದು. ಅವ್ವ ಅದನ್ನು ಎಲ್ಲೋ ಎತ್ತಿಟ್ಟಿದ್ದಾಳೆ, ಕೇಳಿದರೆ "ಖಾಲಿ ಆಗ್ಯಾವ" ಅಂತಾಳೆ.