ಹಳೆ ಬುಲೆಟ್ಟಿನ ಮುಂದಿನ ಚಕ್ರವನ್ನು ಸಾಲಿಗೆ ತಂದದ್ದು

ಬೈಕ್ ಒಂದು ಬದಿಗೆ ಎಳೆದರೆ ಎಲ್ಲರಿಗೂ ಮೊದಲು ಮುಂದಿನ ಚಕ್ರ ಹಿಡಿಯುವ ಫೋರ್ಕ್ ಮೇಲೆಯೇ ಅನುಮಾನ. ‘ಫೋರ್ಕ್ ಬೆಂಡ್ ಆಗ್ಯದೆ, ಬದಲಿ ಹಾಕಿಬಿಡಿ’ ಅನ್ನುವವರು ನಮ್ಮ ಕಾರವಾರದಲ್ಲೂ ಬೇಕಾದಷ್ಟಿದ್ದಾರೆ. 1984ರ ಬುಲೆಟ್ 350 ಜೋಡಿಸುವಾಗ ನಾನು ಫೋರ್ಕಿಗೆ ಕೈ ಹಾಕಿದ್ದು ಕಟ್ಟಕಡೆಗೆ.

ಮೊದಲು ರಿಮ್. 19 ಇಂಚಿನ ಚಕ್ರ, 40 ಕಡ್ಡಿ. ಸಮುದ್ರದ ಉಪ್ಪು ಗಾಳಿಗೆ ಕಡ್ಡಿ ಬಿಗಿಯುವ ನಿಪ್ಪಲ್‌ಗಳೆಲ್ಲ ಕಚ್ಚಿಕೊಂಡಿದ್ದವು. ರಾತ್ರಿ ಎಣ್ಣೆ ಬಿಟ್ಟು, ಬೆಳಿಗ್ಗೆ ತಿರುಗಿಸಿದರೆ ಹೆಚ್ಚಿನವು ಬಿಟ್ಟುಕೊಂಡವು, ಉಳಿದವನ್ನು ಕತ್ತರಿಸಿ ಹೊಸದು ಹಾಕಿದೆ. ಫೋರ್ಕ್ ಕಾಲಿಗೆ ತಂತಿಯ ತುಂಡೊಂದನ್ನು ಕಟ್ಟಿ, ಅದರ ತುದಿ ರಿಮ್ಮಿಗೆ ಸವರುವ ಹಾಗೆ ಇಟ್ಟರೆ ಸಾಕು, ಬೇರೆ ಸ್ಟ್ಯಾಂಡ್ ಬೇಡ. ಮೇಲೆ ಕೆಳಗೆ ಕುಣಿಯುವುದನ್ನು ಮೊದಲು ನಿಲ್ಲಿಸಬೇಕು, ಅಡ್ಡ ಓಲಾಟ ಆಮೇಲೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬಾರದು.

ಆಮೇಲೆ ಹಿಂದಿನ ಚಕ್ರ. ಇದನ್ನೇ ಜನ ಮರೆಯುವುದು. ಬುಲೆಟ್ಟಿನಲ್ಲಿ ಚೈನ್ ಬಿಗಿ ಮಾಡಲು ಎರಡೂ ಬದಿ ಹಲ್ಲಿರುವ ಕ್ಯಾಮ್ (ತಿರುಗಿಸುವ ಬಿಲ್ಲೆ) ಇರುತ್ತದೆ. ಎರಡೂ ಒಂದೇ ಹಲ್ಲಿನಲ್ಲಿದ್ದರೆ ಚಕ್ರ ನೇರ ಅನ್ನುತ್ತಾರೆ. ಇಷ್ಟು ವರ್ಷ ಸವೆದ ಹಲ್ಲನ್ನು ನಾನು ನಂಬುವುದಿಲ್ಲ. ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್ ಚೌಕಟ್ಟಿಗೆ ಕೂಡುವ ಪಿವಟ್ಟಿನಿಂದ ಆ್ಯಕ್ಸಲ್‌ವರೆಗೆ ಎರಡೂ ಬದಿ ಅಳೆದು ಸಮ ಮಾಡಿದೆ.

ಇನ್ನು ಎರಡೂ ಚಕ್ರ ಒಂದೇ ಸಾಲಿನಲ್ಲಿವೆಯೇ ಎಂದು ನೋಡುವ ದಾರ. ಬೈತಖೋಲ ಬಂದರಿನ ಕಡೆ ಸಿಗುವ ಗಾಳದ ನೈಲಾನ್ ದಾರದಷ್ಟು ಒಳ್ಳೆಯದು ಇದಕ್ಕೆ ಬೇರೆ ಇಲ್ಲ. ತೆಳು, ಎಷ್ಟು ಬೇಕಾದರೂ ಬಿಗಿಯಬಹುದು. ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಟೈರಿನ ಹಿಂಬದಿಗೆ ದಾರ ಸುತ್ತಿ, ಎರಡೂ ಬದಿಯಿಂದ ಮುಂದೆ ತಂದು ಕಲ್ಲಿಗೆ ಕಟ್ಟಿದೆ. ಸ್ಟ್ಯಾಂಡಿಗೂ ಸೈಲೆನ್ಸರಿಗೂ ತಾಗದ ಎತ್ತರ ನೋಡಿಕೊಳ್ಳಬೇಕು. ದಾರ ಹಿಂದಿನ ಟೈರಿನ ಮುಂಬದಿಯನ್ನೂ ಸುಮ್ನೆ ಸವರುವ ತನಕ ಕಲ್ಲು ಸರಿಸಿದೆ. ಎರಡೂ ಟೈರ್ 3.25 ಇಂಚು ಅಗಲದವಾದರೆ ಮುಂದಿನದಕ್ಕೂ ದಾರ ಹಾಗೆಯೇ ಸವರಬೇಕು. ಹಿಂದೆ 3.50 ಹಾಕಿದ್ದರೆ ಮುಂದೆ ಎರಡೂ ಬದಿ ಸುಮಾರು 3 ಮಿ.ಮೀ. ಸಂದು ಕಾಣುತ್ತದೆ. ಸಂದು ಎಷ್ಟೇ ಇರಲಿ, ಎರಡೂ ಬದಿ ಸಮ ಇರಬೇಕು, ಅಷ್ಟೇ. ಮಡ್‌ಗಾರ್ಡ್ ನೋಡಿ ಅಂದಾಜು ಮಾಡುವುದು ಬೇಡ. ಅದರ ಪಟ್ಟಿಗಳೇ ನೆಟ್ಟಗಿರುವುದಿಲ್ಲ.

ಚಕ್ರ ದಾರದ ಸಾಲಿಗೆ ಬಂತು. ಆದರೆ ಹ್ಯಾಂಡಲ್ ಬಲಕ್ಕೆ ತಿರುಗಿ ನಿಂತಿತ್ತು. ಅಂದರೆ ಫೋರ್ಕ್ ಬೆಂಡ್ ಆಗಿರಲಿಲ್ಲ, ಅದರ ಎರಡು ಕಾಲುಗಳನ್ನು ಜೋಡಿಸಿ ಹಿಡಿಯುವ ಯೋಕಿನಲ್ಲಿ ತಿರುಚಿಕೊಂಡಿತ್ತು. ಎಂದೋ ಬಿದ್ದ ಗಾಡಿ ಇರಬೇಕು. ಕೆಳಗಿನ ಯೋಕಿನ ಬೋಲ್ಟ್, ಆ್ಯಕ್ಸಲ್ ಹಿಡಿಯುವ ಕ್ಯಾಪಿನ ನಟ್ ಎಲ್ಲ ಸಡಿಲ ಮಾಡಿ, ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿದೆ. ಬಂತು. ಬಿಗಿ ಮಾಡುವುದಕ್ಕೂ ಒಂದು ಕ್ರಮ ಇದೆ: ಒಂದು ಬದಿಯ ಕ್ಯಾಪ್ ಬಿಗಿದು, ಇನ್ನೊಂದನ್ನು ಸಡಿಲ ಬಿಟ್ಟು, ಬ್ರೇಕ್ ಹಿಡಿದು ಮುಂಭಾಗವನ್ನು ನಾಲ್ಕಾರು ಸಲ ಕುಕ್ಕಬೇಕು. ಆಗ ಫೋರ್ಕ್ ಕಾಲು ತನ್ನ ಜಾಗಕ್ಕೆ ಬಂದು ಕೂರುತ್ತದೆ. ಅನಂತರ ಉಳಿದದ್ದು ಬಿಗಿದು, ಮತ್ತೆ ದಾರ ಕಟ್ಟಿ ನೋಡಬೇಕು.

ಮಾಜಾಳಿ ಕಡೆ ಓಡಿಸಿ ನೋಡಿದಾಗ ಹಿಡಿತ ಸಡಿಲ ಬಿಟ್ಟರೆ ಸ್ವಲ್ಪ ಎಡಕ್ಕೆ ಸರಿಯುತ್ತಿತ್ತು. ನೀರು ಹರಿಯಲೆಂದು ರಸ್ತೆಯೇ ಅಂಚಿಗೆ ಇಳಿಜಾರಾಗಿರುತ್ತದೆ, ಅಲ್ವಾ? ಸಮತಟ್ಟು ಜಾಗದಲ್ಲಿ ಆ ಎಳೆತ ಇರಲಿಲ್ಲ. ಹಾಗಾಗಿ ಅದಕ್ಕೆಂದು ಮತ್ತೆ ಸ್ಪ್ಯಾನರ್ ಎತ್ತಲಿಲ್ಲ.