ಭ್ರಷ್ಟ ನಾಯಕರ ಕಾರ್ಟೂನ್ ಬರೆಯೋದು ಹೀಗೆ

ವಿಜಯಪುರದ ನಮ್ಮ ಮನೆ ಕಟ್ಟೆ ಮೇಲೆ ಕೂತು ನಾನು ದಿನಾ ಒಂದು ಕಾರ್ಟೂನ್ ಬರೆಯುತ್ತೇನೆ. ಮೊದಲು ಸುದ್ದಿಯನ್ನು ಎರಡು ಸಲ ಓದಿ. ಎಷ್ಟು ಹಣ, ಯಾರ ಪಾಲಿನದು, ಎಲ್ಲಿಗೆ ಹೋಯಿತು? ಇಷ್ಟು ತಿಳಿಯದೆ ಪೆನ್ಸಿಲ್ ಮುಟ್ಟಬೇಡಿ.

ಆಮೇಲೆ ಒಂದೇ ಒಂದು ಚಿತ್ರ ಹುಡುಕಿ. ನನಗೆ ನಮ್ಮ ಗಾದೆಗಳೇ ಆಸರೆ. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಅಂತೀವಲ್ವಾ, ಅದನ್ನೇ ಬರೆದೆ. ಬಿಳಿ ಜುಬ್ಬಾ ತೊಟ್ಟ ಮುಳ್ಳುಬೇಲಿ, ಬಾಯಲ್ಲಿ ಜೋಳದ ತೆನೆ, ಗದ್ದದ ಮೇಲೆ ಎರಡು ಕಾಳು. ಆ ಎರಡು ಕಾಳಿಗೇ ಜಾಸ್ತಿ ಹೊತ್ತು ಹಿಡಿಯಿತು. ಕಳ್ಳತನ ಕಾಣೋದು ಅಲ್ಲೇ.

ಅಮೆರಿಕದ ಕಾರ್ಟೂನಿಸ್ಟ್ ಥಾಮಸ್ ನಾಸ್ಟ್ 1871ರಲ್ಲಿ ನ್ಯೂಯಾರ್ಕಿನ ರಾಜಕಾರಣಿ ಟ್ವೀಡ್‌ನ ತಲೆಯ ಜಾಗದಲ್ಲಿ ಹಣದ ಚೀಲ ಇಟ್ಟ. ಓದಲು ಬಾರದವರಿಗೂ ತಿಳಿಯುವ ಚಿತ್ರ ಅದು.

ಜಾತಿ, ಕಾಯಿಲೆ, ಮನೆಯ ಹೆಂಗಸರು ಬೇಡ. ಮಾಡಿದ ಕೆಲಸವನ್ನಷ್ಟೇ ಚುಚ್ಚಿ. ಮೂಲೆಯಲ್ಲಿ ಜನರಿಗೂ ಜಾಗ ಬಿಡಿ. ಆರ್.ಕೆ. ಲಕ್ಷ್ಮಣರ ಚೌಕಳಿ ಕೋಟಿನ ಶ್ರೀಸಾಮಾನ್ಯ ಮಾತಾಡುತ್ತಿರಲಿಲ್ಲ, ಸುಮ್ನೆ ನೋಡುತ್ತಿದ್ದ. ನನ್ನ ಚಿತ್ರದಲ್ಲಿ ಖಾಲಿ ಬುಟ್ಟಿ ಹಿಡಿದ ಅಜ್ಜಿ ನಿಲ್ಲುತ್ತಾಳೆ.

ಮಾತು ಹತ್ತು ಪದ ಮೀರದಿರಲಿ. ಶಾಯಿ ಎಳೆಯುವ ಮೊದಲು ಪಕ್ಕದ ಚಹಾ ಅಂಗಡಿಯವರಿಗೆ ತೋರಿಸಿ. ಬಿಡಿಸಿ ಹೇಳಬೇಕಾಯಿತೋ, ಮತ್ತೆ ಬರೆಯಿರಿ.